ಅಕ್ಕಿಕಾಳಿನಷ್ಟು ಜೀವ

ನನ್ನ ನೀಲಿ ಫೈಲಿನಲ್ಲಿ ಆರು ಕಾಗದಗಳಿದ್ದವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಿಎನ್‌ಎಂ ಡಿಪ್ಲೊಮಾ, ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಪತ್ರ, ಆರು ವರ್ಷದ ಅನುಭವ ಪತ್ರ, ಆಧಾರ್ ನಕಲು, ಮತ್ತು ಎಲ್ಲಕ್ಕೂ ಮೇಲೆ, ಡಿಸೆಂಬರ್ 8ರ ಸೋಮವಾರ ಕೆಲಸಕ್ಕೆ ಹಾಜರಾಗಬೇಕೆಂಬ ಆದೇಶ. ಏಳನೆಯದು ಕಾಗದವಲ್ಲ. ಬಿಳಿ ಪ್ಲಾಸ್ಟಿಕ್ಕಿನ ಒಂದು ಪಟ್ಟಿ, ಅದರ ಮೇಲೆ ಎರಡು ಕೆಂಪು ಗೆರೆ. ಗುರುವಾರ ಬೆಳಗಿನ ಜಾವ ಹುಬ್ಬಳ್ಳಿಯ ಬಾಡಿಗೆ ಮನೆಯ ಬಚ್ಚಲಲ್ಲಿ ಮೂಡಿದ ಆ ಗೆರೆಗಳನ್ನು ಕರ್ಚೀಫಿನಲ್ಲಿ ಸುತ್ತಿ, ಎಲ್ಲಿಡಬೇಕೆಂದು ತೋಚದೆ ಫೈಲಿನೊಳಗೇ ಇಟ್ಟುಕೊಂಡು ಕೊಪ್ಪಳದ ರೈಲು ಹತ್ತಿದ್ದೆ.

ಹೆರಿಗೆ ವಾರ್ಡಿನ ನರ್ಸ್ ನಾನು. ಆ ಪರೀಕ್ಷೆಗೆ ನಾವು ಯುಪಿಟಿ ಅನ್ನುತ್ತೇವೆ. ಮೂರು ಹನಿ ಹಾಕಿ ಐದು ನಿಮಿಷ ಕಾಯುವುದು. ಗರ್ಭ ಕಟ್ಟಿದಾಗ ಹುಟ್ಟುವ ಎಚ್‌ಸಿಜಿ ಹಾರ್ಮೋನು ಮೂತ್ರದಲ್ಲಿದ್ದರೆ ಎರಡನೇ ಗೆರೆ ಬರುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ನಾನೇ ಮಾಡಿ, ನಾನೇ ಓದಿ ಹೇಳಿದ್ದೇನೆ. ಆದರೂ ಅವತ್ತು ಬಲ್ಬಿನ ಕೆಳಗೆ ಹಿಡಿದು ನೋಡಿದೆ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಗೆರೆ ಎರಡೇ ಇದ್ದವು. ಕೊನೆಯ ಮುಟ್ಟು ಅಕ್ಟೋಬರ್ 24. ಅದಕ್ಕೆ ಏಳು ದಿನ ಕೂಡಿಸಿ ಒಂಬತ್ತು ತಿಂಗಳು ಮುಂದೆ ಹೋದರೆ ಜುಲೈ 31. ದಿನಕ್ಕೆ ಇಪ್ಪತ್ತು ಸಲ ಮಾಡುವ ಲೆಕ್ಕ. ನನ್ನ ಹೊಟ್ಟೆಯ ಲೆಕ್ಕ ಮಾಡುವಾಗ ಬೆರಳು ನಡುಗಿದವು.

ಹೆದರಿಕೆಗೆ ಎರಡು ಕಾರಣ. ಎರಡು ವರ್ಷದ ಹಿಂದೆ ಒಂದು ಬಸಿರು ಒಂಬತ್ತನೇ ವಾರಕ್ಕೆ ನಿಂತುಹೋಗಿತ್ತು. ಸ್ಕ್ಯಾನಿಂಗ್ ಮಾಡಿದ ಡಾಕ್ಟರು ಮಾನಿಟರನ್ನು ತಮ್ಮ ಕಡೆ ತಿರುಗಿಸಿಕೊಂಡು, ‘ಬಡಿತ ಸಿಗವಲ್ದು’ ಅಂದಿದ್ದರು. ಇನ್ನೊಂದು, ನಾನು ಮೊದಲಿದ್ದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನನ್ನ ಜೊತೆಯ ಸಿಸ್ಟರ್ ಐದು ತಿಂಗಳಾಗಿದೆ ಎಂದು ಹೇಳಿದ ವಾರವೇ ‘ನೀವು ಮನೆಯಲ್ಲಿ ಆರಾಮಾಗಿರಿ’ ಎಂದು ಅವಳನ್ನು ಕಳಿಸಿದ್ದರು. ಬಾಣಂತನ ಮುಗಿಸಿ ಬಂದಾಗ ಅವಳ ಜಾಗದಲ್ಲಿ ಬೇರೆಯವಳಿದ್ದಳು. ಅವಳ ಕಪಾಟಿನ ಬೀಗ ಒಡೆದು ಚಪ್ಪಲಿ, ಊಟದ ಡಬ್ಬಿ ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿ ಇಟ್ಟಿದ್ದರು. ಆ ಚೀಲ ನನ್ನ ಕಣ್ಣಿಗೆ ಕಟ್ಟಿದೆ.

ಈ ಹೊಸ ಕೆಲಸವಾದರೋ ನಾವು ಮೂರು ವರ್ಷದಿಂದ ಕಾದದ್ದು. ನನ್ನ ಗಂಡ ಗಂಗಾವತಿಯ ರೈಸ್‌ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಅವರ ಊರು ಕುಷ್ಟಗಿ ತಾಲ್ಲೂಕು. ನನಗೆ ಸಿಕ್ಕ ಹುದ್ದೆ ಯಲಬುರ್ಗಾ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ, ಗುತ್ತಿಗೆ ಮೇಲೆ. ಕಾಗದಪತ್ರ ತೋರಿಸಬೇಕಾದ್ದು ಕೊಪ್ಪಳದಲ್ಲಿ. ನಾಲ್ಕು ದಿನ, ನಾಲ್ಕು ತಾಲ್ಲೂಕು. ಹಾನಗಲ್ಲಿನ ಕೆರೆ, ಗದ್ದೆ, ಅಡಿಕೆ ನೋಡಿ ಬೆಳೆದವಳಿಗೆ ಈ ಸೀಮೆಯಲ್ಲಿ ಗೊತ್ತಿದ್ದುದು ಗಂಡನ ಮನೆಯ ಅಂಗಳ ಒಂದೇ.

ಗದಗ ದಾಟಿದ ಮೇಲೆ ಕಪ್ಪು ನೆಲ. ಎರಿ ಹೊಲದಲ್ಲಿ ಕಡಲೆ ಗೇಣುದ್ದ ಎದ್ದಿತ್ತು, ಜೋಳ ಮೊಣಕಾಲು ಮುಟ್ಟಿತ್ತು. ಅಷ್ಟು ದೊಡ್ಡ ಆಕಾಶ ನಾನು ನೋಡಿರಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಗುಡ್ಡಗಳು ಬಂದವು. ಯಾರೋ ಒಂದೊಂದೇ ಬಂಡೆಯನ್ನು ಎತ್ತಿ ಜೋಕೆಯಿಂದ ಒಂದರ ಮೇಲೊಂದು ಇಟ್ಟು ಹೋದ ಹಾಗಿದ್ದವು. ಕೊಪ್ಪಳ ಬಂತು.

ರಾಯಚೂರಿನಿಂದ ಬೇರೆಯಾಗಿ 1998ರ ಏಪ್ರಿಲ್ 1ರಂದು ಜಿಲ್ಲೆಯಾದ ಊರಿದು. ಆದರೆ ಹೆಸರು ತೀರ ಹಳೆಯದು. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದದ ಜೊತೆಗೆ ಕೊಪಣವನ್ನೂ ಹೇಳುತ್ತದೆ. ಸ್ಟೇಷನ್ನಿನ ಹೊರಗೆ ಚಹಾದ ಅಂಗಡಿಯವರು ನನಗೆ ‘ಬರ್ರಿ, ಕುಂದರ್ರಿ’ ಅಂದಾಗ ಆ ತಿರುಳು ಇನ್ನೂ ಇಲ್ಲಿಯೇ ಇದೆ ಅನ್ನಿಸಿತು.

ದೈಹಿಕ ಯೋಗ್ಯತೆಯ ಪ್ರಮಾಣಪತ್ರ ಬೇಕಿತ್ತು. ಎತ್ತರ, ತೂಕ, ಬಿಪಿ, ಕಣ್ಣು ಆದವು. ಮುಂದಿನದು ಎದೆಯ ಎಕ್ಸ್‌ರೇ. ಚೀಟಿ ಹಿಡಿದು ಸಾಲಿನಲ್ಲಿ ನಿಂತಾಗ ಆ ಬಾಗಿಲ ಮೇಲಿನ ಬರಹ ಕಂಡಿತು: ಗರ್ಭಿಣಿಯರು ಮೊದಲೇ ತಿಳಿಸಬೇಕು. ಎಷ್ಟು ಆಸ್ಪತ್ರೆಗಳಲ್ಲಿ ಎಷ್ಟು ಸಲ ಆ ಬೋರ್ಡಿನ ಕೆಳಗೆ ಸ್ಟ್ರೆಚರ್ ತಳ್ಳಿಕೊಂಡು ಹೋಗಿದ್ದೇನೆ! ಅದು ನನ್ನನ್ನು ಕುರಿತು ಬರೆದದ್ದಾಗಿರಲಿಲ್ಲ. ಎದೆಯ ಎಕ್ಸ್‌ರೇಯಿಂದ ಗರ್ಭಕ್ಕೆ ತಲುಪುವ ವಿಕಿರಣ ತೀರ ಅತ್ಯಲ್ಪ ಅಂತ ನನಗೆ ಗೊತ್ತು. ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಉಸಿರು ಹಿಡಿದು ನಿಂತು ಬಂದರೆ ಯಾರಿಗೂ ತಿಳಿಯುವುದಿಲ್ಲ, ಪ್ರಮಾಣಪತ್ರ ಕೈಗೆ ಬರುತ್ತದೆ. ಹಾಗೆಯೇ ಮಾಡುವುದೆಂದು ಒಳಗೆ ಕಾಲಿಟ್ಟೆ.

ಎಕ್ಸ್‌ರೇ ತೆಗೆಯುವ ಹುಡುಗಿ ಇಪ್ಪತ್ತೆರಡು ಇಪ್ಪತ್ಮೂರರವಳು. ತಲೆ ಎತ್ತದೇ ಕೇಳಿದಳು, ‘ಅಕ್ಕಾರ, ಮುಟ್ಟಾಗಿ ಎಷ್ಟ ದಿನ ಆತ್ರಿ?’

‘ನಲವತ್ತೊಂದು.’

ಈಗ ತಲೆ ಎತ್ತಿದಳು. ನಾನು ಫೈಲು ತೆಗೆದು ಕರ್ಚೀಫು ಬಿಚ್ಚಿ ತೋರಿಸಿದೆ. ಗಂಡನಿಗೆ ಹೇಳಿರಲಿಲ್ಲ, ಹೆತ್ತವ್ವನಿಗೆ ಹೇಳಿರಲಿಲ್ಲ. ಹೆಸರು ಕೂಡ ಗೊತ್ತಿಲ್ಲದ ಆ ಹುಡುಗಿ ಮೊದಲು ನೋಡಿದಳು.

‘ಅಯ್ಯ! ಮತ್ತ ಇಲ್ಲ್ಯಾಕ ಬಂದು ನಿಂತೀರಿ? ಹೊರಗ ನಡೀರಿ ಮೊದ್ಲ!’ ಎಂದು ನನ್ನ ತೋಳು ಹಿಡಿದು ಬಾಗಿಲ ಆಚೆ ಬೆಂಚಿನ ಮೇಲೆ ಕೂರಿಸಿ, ತಾನೇ ಚೀಟಿ ತೆಗೆದುಕೊಂಡು ಡಾಕ್ಟರ ಹತ್ತಿರ ಓಡಿದಳು.

ಆ ಬೆಂಚಿನ ಮೇಲೆ ಕೂತ ಇಪ್ಪತ್ತು ನಿಮಿಷದಲ್ಲಿ ನಾನು ಓದಿದ್ದೆಲ್ಲ ನೆನಪಿಗೆ ಬಂತು. ಸೇನೆಯ ಶುಶ್ರೂಷಾ ಸೇವೆಯಲ್ಲಿದ್ದ ಸೆಲಿನಾ ಜಾನ್ 1988ರಲ್ಲಿ ಮದುವೆಯಾದರೆಂಬ ಕಾರಣಕ್ಕೇ ಕೆಲಸ ಕಳೆದುಕೊಂಡರು. ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 2024ರ ಫೆಬ್ರುವರಿ ಬಂದಿತ್ತು. ಮೂರು ತಿಂಗಳು ಮೀರಿದ ಬಸುರಿಯರನ್ನು ಹೊಸ ನೇಮಕಾತಿಯಲ್ಲಿ ‘ತಾತ್ಕಾಲಿಕವಾಗಿ ಅನರ್ಹ’ ಎಂದು ಎಣಿಸುವ ಸುತ್ತೋಲೆಯನ್ನು ಭಾರತೀಯ ಸ್ಟೇಟ್ ಬ್ಯಾಂಕ್ ಹೊರಡಿಸಿ, ದೇಶದ ಹೆಣ್ಣುಮಕ್ಕಳು ಕೇಳಿದ ಮೇಲೆ 2022ರ ಜನವರಿ ಕೊನೆಗೆ ಹಿಂತೆಗೆದುಕೊಂಡಿತು. ಅದಕ್ಕೂ ಹಿಂದೆ ನೀರಾ ಮಾಥುರ್ ಎಂಬುವರನ್ನು ಜೀವವಿಮಾ ನಿಗಮ ಪ್ರೊಬೇಷನ್ ಅವಧಿಯಲ್ಲೇ ತೆಗೆದುಹಾಕಿತ್ತು. ಕೆಲಸಕ್ಕೆ ಸೇರುವಾಗ ತುಂಬುವ ಫಾರಮ್ಮಿನಲ್ಲಿ ಮುಟ್ಟಿನ ದಿನಾಂಕ ತಪ್ಪು ಬರೆದಿದ್ದಾರೆ ಎಂಬುದು ಆಕ್ಷೇಪ. ಹೆಣ್ಣೊಬ್ಬಳಿಗೆ ಕೇಳಬಾರದ ಪ್ರಶ್ನೆಗಳಿವು, ಫಾರಮ್ಮಿನಿಂದ ತೆಗೆಯಿರಿ ಎಂದು ಸುಪ್ರೀಂ ಕೋರ್ಟ್ ಹೇಳಿ, ಆಕೆಯನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಕೆಲಸ ಕೊಡುವವರು ತಮ್ಮ ಅನುಕೂಲಕ್ಕೆ ಕೇಳುವ ತಾರೀಖು ಬೇರೆ, ಗರ್ಭದ ಕಾಳಜಿಗೆ ಎಕ್ಸ್‌ರೇ ಬಾಗಿಲಲ್ಲಿ ಕೇಳುವ ತಾರೀಖು ಬೇರೆ. ಪ್ರಶ್ನೆ ಒಂದೇ, ಕೇಳುವವರ ಮನಸ್ಸು ಬೇರೆ. ಆ ಬೆಂಚಿನ ಮೇಲೆ ಅದು ನನಗೆ ಎದೆಗೆ ಮುಟ್ಟಿ ತಿಳಿಯಿತು.

ಡಾಕ್ಟರು ವಯಸ್ಸಾದ ಹೆಣ್ಣುಮಗಳು. ಒಳಗೆ ಕರೆದು, ಎಕ್ಸ್‌ರೇ ಎಂದಿದ್ದ ಕಡೆ ಗೆರೆ ಎಳೆದು ಸಹಿ ಮಾಡಿದರು. ‘ಬಸರ ಅನ್ನೂದು ರೋಗ ಅಲ್ಲವಾ. ಫಿಟ್ ಅದೀರಿ. ಫೋಲಿಕ್ ಆಸಿಡ್ ಇವತ್ತಿಂದ ಶುರು ಮಾಡ್ರಿ’ ಅಂದರು. ‘ಫಿಟ್’ ಎಂಬ ಆ ಪದದ ಮೇಲೆ ಸೀಲು ಬಿದ್ದ ಸದ್ದು ನನಗೆ ಇಂದಿಗೂ ಕೇಳಿಸುತ್ತದೆ.

ಬಸ್ಸಿಗೆ ಹೊತ್ತಿತ್ತು. ಗವಿಮಠದ ಗುಡ್ಡಕ್ಕೆ ಹೋದೆ. ಜನವರಿಯ ಜಾತ್ರೆಗೆ ಇಡೀ ಸೀಮೆ ರೊಟ್ಟಿ ಬಡಿದು ಗಾಡಿಗಟ್ಟಲೆ ತಂದು ಸುರಿಯುವ ಮಠ. ಅವತ್ತು ಅಲ್ಲಿ ಗಾಳಿಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಮೇಲೆ ಕೊಡೆಯಂತೆ ಚಾಚಿಕೊಂಡ ಒಂದು ಬಂಡೆ, ಅದರ ನೆರಳಿನ ಕಲ್ಲಿನ ಮೇಲೆ ಬ್ರಾಹ್ಮೀ ಅಕ್ಷರಗಳಲ್ಲಿ ಅಶೋಕನ ಮಾತು. ಇನ್ನೊಂದು ಶಾಸನ ಹತ್ತಿರದ ಪಾಲ್ಕಿಗುಂಡಿನಲ್ಲಿದೆ. ಎರಡೂಕಾಲು ಸಾವಿರ ವರ್ಷ ಮಳೆ ಬಿಸಿಲು ತಗುಲದಂತೆ ಆ ಕೊಡೆ ಈ ಅಕ್ಷರಗಳನ್ನು ಕಾದಿದೆ. ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಚಿಕ್ಕವರಿಗೂ ಸ್ವರ್ಗ ಎಟುಕುತ್ತದೆ, ಚಿಕ್ಕವರೂ ದೊಡ್ಡವರೂ ಪ್ರಯತ್ನಪಡಲಿ ಎಂಬುದು ಅದರ ಸಾರ. ಬೇರೆ ನಾಡುಗಳ ಬಂಡೆಗಳಲ್ಲಿ ಇದೇ ಅರಸ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿಸಿದ್ದನ್ನು, ಔಷಧಿಯ ಗಿಡ ನೆಡಿಸಿದ್ದನ್ನು ಬರೆಸಿದ್ದಾನೆ. ಚಿಕ್ಕವರು ಎಂಬ ಮಾತಿಗೆ ನಾನು ಅವತ್ತು ಬೇರೆಯೇ ಅರ್ಥ ಹಚ್ಚಿಕೊಂಡು ಆ ನೆರಳಲ್ಲಿ ತುಸು ಹೊತ್ತು ಕೂತೆ.

ಗಂಗಾವತಿಗೆ ಹೋಗುವ ಬಸ್ಸಿನಲ್ಲಿ ನೆಲ ಮತ್ತೆ ಬಣ್ಣ ಬದಲಿಸಿತು. ಬಂಡೆ, ಬಂಡೆ, ಬಂಡೆ. ಅದರ ಬುಡದಲ್ಲಿ ಒಮ್ಮೆಗೇ ನೀರು. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಕಾಲುವೆ ಈ ಸೀಮೆಯನ್ನು ಭತ್ತದ ಕಣಜ ಮಾಡಿತು. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದ ರಾತ್ರಿ ಗಂಗಾವತಿಯಲ್ಲಿ ಯಾರೂ ಮಲಗಿರಲಿಲ್ಲ ಎಂದು ನನ್ನ ಗಂಡ ಹೇಳಿದ್ದು ಆ ಕಾಲುವೆಯನ್ನು ಕಣ್ಣಾರೆ ಕಂಡಾಗ ಅರ್ಥವಾಯಿತು. ಕೊಯ್ಲಿನ ಕಾಲ. ರಸ್ತೆಯ ಅರ್ಧಕ್ಕೆ ಭತ್ತ ಹರಡಿ ಒಣಗಿಸಿದ್ದರು, ಬಸ್ಸು ಅದನ್ನು ತುಳಿಯದಂತೆ ಸರಿದು ಸರಿದು ಹೋಗುತ್ತಿತ್ತು.

ಮಿಲ್ಲಿನ ಬಾಗಿಲಿಗೆ ಬಂದಾಗ ಸಂಜೆ. ಭತ್ತ ಬೇಯಿಸುವ ಆವಿಯ ವಾಸನೆ ಮೂಗಿಗೆ ಬಡಿದು ಹೊಟ್ಟೆ ತೊಳಸಿತು. ಸೆರಗು ಮೂಗಿಗೆ ಹಿಡಿದು ಒಳಗೆ ಹೋದೆ. ಒಂದು ಕಡೆ ಹೊಟ್ಟು ಗುಡ್ಡವಾಗಿ ಬೀಳುತ್ತಿತ್ತು, ಒಂದು ಕಡೆ ತೌಡು, ಒಂದು ಕಡೆ ನುಚ್ಚು. ಕೊನೆಯ ಕೊಳವೆಯಿಂದ ಸೋನಾ ಮಸೂರಿ ಅಕ್ಕಿ ಬೆಳ್ಳಗೆ ಸುರಿಯುತ್ತಿತ್ತು. ಹಮಾಲರು ಚೀಲಕ್ಕೆ ಹೊಲಿಗೆ ಹಾಕುತ್ತಿದ್ದರು. ಗಂಡ ಲೆಕ್ಕದ ಪುಸ್ತಕ ಮುಚ್ಚಿ ಎದ್ದು ಬಂದರು. ‘ಮಾರಿ ಯಾಕ ಹಿಂಗಾಗೇತಿ? ಕಾಗದ ತಿರುಗಿಸಿದ್ರೇನು?’

ಬಾಯಿ ಬರಲಿಲ್ಲ. ಬೀಳುತ್ತಿದ್ದ ಅಕ್ಕಿಗೆ ಕೈಯೊಡ್ಡಿ ಹಿಡಿದು, ಅದರಲ್ಲಿ ಒಂದೇ ಒಂದು ಕಾಳು ಬಿಟ್ಟು ಉಳಿದದ್ದನ್ನು ಚೀಲಕ್ಕೆ ಹಾಕಿದೆ. ಆ ಒಂದು ಕಾಳನ್ನು ಅವರ ಅಂಗೈಯಲ್ಲಿಟ್ಟೆ. ‘ಇಷ್ಟ ಐತಿ ಈಗ’ ಅಂದೆ. ‘ನಾಳೆಗೆ ಆರು ವಾರ.’

ಆರು ವಾರದ ಗರ್ಭ ಐದು ಮಿಲಿಮೀಟರ್ ಆಸುಪಾಸು. ಗಂಗಾವತಿಯ ಅಕ್ಕಿಯ ಒಂದು ಕಾಳಿನಷ್ಟು. ಪುಸ್ತಕದಲ್ಲಿ ಆ ಅಳತೆಯನ್ನು ಎಷ್ಟೋ ಸಲ ಓದಿದ್ದೆ, ಅಂಗೈಯಲ್ಲಿ ನೋಡಿರಲಿಲ್ಲ. ಹೊಟ್ಟು ಕಳಚಿ, ತೌಡು ಕಳಚಿ, ಒಂದು ತುದಿಯಲ್ಲಿ ಮೊಳಕೆ ಇದ್ದ ಜಾಗದ ಸಣ್ಣ ತಗ್ಗು ಇರುವ ಆ ಕಾಳು ಮಿಲ್ಲಿನ ಟ್ಯೂಬ್‌ಲೈಟಿನಲ್ಲಿ ಹೊಳೆಯುತ್ತಿತ್ತು. ಅವರು ಮಾತಾಡಲಿಲ್ಲ. ಬಿಲ್ಲಿನ ಪುಸ್ತಕದಿಂದ ಒಂದು ಹಾಳೆ ಹರಿದು, ಕಾಳನ್ನು ಅದರಲ್ಲಿ ಮಡಿಚಿ, ಅಂಗಿಯ ಜೇಬಿಗೆ ಹಾಕಿ, ಜೇಬಿನ ಮೇಲೆ ಕೈ ಇಟ್ಟುಕೊಂಡರು.

ರಾತ್ರಿ ಅವರು ಕೇಳಿದ್ದು ಒಂದೇ ಪ್ರಶ್ನೆ. ‘ಕೆಲಸಾ?’

‘ಮಾಡ್ತೀನಿ.’

‘ಹೂಂ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ನಾಳೆ ಮೋರ್ಯರ ಗುಡ್ಡ ತೋರಿಸ್ತೀನಿ ಅಂದಿದ್ನಲ್ಲ, ಅದು ಬ್ಯಾಡ ಹಂಗಾರ’ ಅಂದರು. ಬೇಡ ಅನ್ನುವುದಕ್ಕೆ ಕಾರಣವಿಲ್ಲ, ಬಸುರಿ ನಡೆಯಬಾರದು ಎಂದು ಯಾವ ಪುಸ್ತಕದಲ್ಲೂ ಇಲ್ಲ, ನಿಧಾನಕ್ಕೆ ಹತ್ತಿದರಾಯಿತು ಎಂದು ನಾನೇ ಧೈರ್ಯ ಹೇಳಬೇಕಾಯಿತು.

ಮೋರ್ಯರ ಗುಡ್ಡವಿರುವ ಹಿರೇಬೆಣಕಲ್ ಗಂಗಾವತಿಯಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿದೆ. ಊರು ದಾಟಿ, ಕಲ್ಲುಹಾದಿ ಹಿಡಿದು, ಮುಳ್ಳುಕಂಟಿಯ ನಡುವೆ ಏರಬೇಕು. ದಾರಿ ತೋರಿಸಲು ಕುರಿ ಕಾಯುವ ಒಬ್ಬ ಹುಡುಗ ಜೊತೆ ಬಂದ. ಐದು ನಿಮಿಷಕ್ಕೊಮ್ಮೆ ಕೂತು, ನೀರು ಕುಡಿದು, ನಾಡಿ ನೋಡಿಕೊಂಡು ಮೇಲೆ ಬಂದಾಗ ಎಂಟೂವರೆ. ಗುಡ್ಡದ ನೆತ್ತಿಯ ಮೇಲೆ ಒಂದು ಊರು! ಮನೆಗಳೆಲ್ಲ ಕಲ್ಲಿನವು. ಮೂರು ಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿ, ಮುಂದಿನ ಚಪ್ಪಡಿಗೆ ಗುಂಡಗೆ ಒಂದು ಕಂಡಿ ಕೊರೆದ ಮನೆಗಳು. ಕೆಲವು ಮೊಣಕಾಲೆತ್ತರ, ಕೆಲವು ನಮಗಿಂತ ಎತ್ತರ. ಕ್ರಿಸ್ತಪೂರ್ವದ ಕಬ್ಬಿಣ ಯುಗದ ಜನ ಸತ್ತವರಿಗಾಗಿ ಕಟ್ಟಿದ ಇಂಥವು ಇಲ್ಲಿ ನಾನೂರರಷ್ಟಿವೆ. 1835ರಲ್ಲಿ ಮೆಡೋಸ್ ಟೇಲರ್ ಇದನ್ನು ಹೊರಗಿನ ಜಗತ್ತಿಗೆ ತಿಳಿಸಿದ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು. ಊರವರಿಗೆ ಇವು ಮೋರ್ಯರ ಮನೆಗಳು. ಮೋರ್ಯರು ಅಂದರೆ ಗೇಣುದ್ದದ ಕುಳ್ಳ ಜನ, ಕಂಡಿಯಿಂದ ಒಳಹೊರಗೆ ಆಡುತ್ತಿದ್ದರಂತೆ. ಹುಡುಗ ಅದನ್ನು ನಿನ್ನೆ ನೋಡಿದವನಂತೆ ಹೇಳಿದ.

ಒಂದು ಕಂಡಿಯ ಮುಂದೆ ಕೂತೆ. ಅಂಚು ಎಷ್ಟು ನುಣುಪು! ಕಲ್ಲಿನಿಂದ ಕಲ್ಲನ್ನು ಉಜ್ಜಿ ಉಜ್ಜಿ ಗುಂಡಗೆ ಮಾಡಿದ್ದಾರೆ. ಬೆರಳಾಡಿಸಿದೆ. ಹೆರಿಗೆ ಕೋಣೆಯ ನರ್ಸಿಗೆ ಗುಂಡು ಕಂಡಿ ಅಂದರೆ ಒಂದೇ ಅರ್ಥ. ಎರಡು ಬೆರಳಿನಲ್ಲಿ ಅಳೆದು ನಾಲ್ಕು, ಆರು, ಎಂಟು ಎಂದು ಬರೆಯುತ್ತ, ಹತ್ತು ಸೆಂಟಿಮೀಟರ್ ಆದಾಗ ‘ಮುಕ್ಕವ್ವಾ, ಈಗ ಮುಕ್ಕು’ ಎಂದು ಕೂಗುವವರು ನಾವು. ಹೋದವರಿಗಾಗಿ ಇಷ್ಟು ಮಮತೆಯಿಂದ ಬಾಗಿಲು ಕೊರೆದ ಜನ ಬರುವವರನ್ನು ಎಷ್ಟು ಮಮತೆಯಿಂದ ಬರಮಾಡಿಕೊಂಡಿರಬೇಕು! ಇಲ್ಲೂ ಯಾರೋ ಒಬ್ಬಳು ಸೂಲಗಿತ್ತಿ ಇದ್ದಿರಲೇಬೇಕು. ಅವಳ ಕೈ ನನ್ನ ಕೈಯಂಥದೇ.

ಸ್ವಲ್ಪ ಆಚೆ, ಸುಮಾರು ಹತ್ತು ಮೀಟರ್ ಎತ್ತರದ ಬಂಡೆಯ ತುದಿಯಲ್ಲಿ ಅರೆಗೋಳದ ಒಂದು ದೊಡ್ಡ ಕಲ್ಲಿದೆ. ನಗಾರಿ ಕಲ್ಲು. ನಾನು ಕೆಳಗೇ ನಿಂತೆ. ಹುಡುಗ ಬೆಕ್ಕಿನಂತೆ ಹತ್ತಿಹೋಗಿ ಕೈಯಲ್ಲಿದ್ದ ಕಟ್ಟಿಗೆಯಿಂದ ಮೆಲ್ಲಗೆ ಬಡಿದ. ಕಲ್ಲಿಗೆ ಕಟ್ಟಿಗೆ ತಾಗಿದ ಸದ್ದಲ್ಲ ಅದು. ಒಳಗಿನಿಂದ ಎದ್ದು ಬಂದ ಸದ್ದು. ಧಂ. ಧಂ. ಧಂ. ಗುಡ್ಡದಿಂದ ಗುಡ್ಡಕ್ಕೆ ಹೋಗಿ ತಿರುಗಿ ಬಂತು. ಹಳೆಯ ಕಾಲದಲ್ಲಿ ಇದು ಒಂದು ಕಿಲೋಮೀಟರಿನ ಆಚೆಗೂ ಕೇಳುತ್ತಿತ್ತಂತೆ.

ಅವತ್ತು ಶುಕ್ರವಾರ, ನಲವತ್ತೆರಡನೇ ದಿನ. ಗರ್ಭದೊಳಗೆ ಹೃದಯ ಬಡಿಯುವುದು ಸ್ಕ್ಯಾನಿಂಗಿನಲ್ಲಿ ಕಾಣಲು ಶುರುವಾಗುವುದು ಈ ಆರನೇ ವಾರದ ಸುಮಾರಿಗೆ, ನಿಮಿಷಕ್ಕೆ ನೂರರ ಆಸುಪಾಸು. ಅಕ್ಕಿಕಾಳಿನಷ್ಟು ಜೀವಕ್ಕೆ ಇನ್ನೂ ಕೈಯಿಲ್ಲ, ಕಾಲಿಲ್ಲ, ಮುಖವಿಲ್ಲ. ಬಡಿತ ಮಾತ್ರ ಮೊದಲು. ಎರಡು ವರ್ಷದ ಹಿಂದೆ ಯಾವ ಸದ್ದಿಗಾಗಿ ಕಿವಿಗೊಟ್ಟು ಕೇಳಿಸದೇ ಹೋಗಿತ್ತೋ ಅದನ್ನು ಒಂದು ಗುಡ್ಡವೇ ನನಗೆ ಬಡಿದು ಹೇಳುತ್ತಿದೆ ಅನ್ನಿಸಿತು. ಶಕುನ ನಂಬುವವಳಲ್ಲ ನಾನು. ಆದರೂ ಸದ್ದು ಪೂರ್ತಿ ಅಡಗುವ ತನಕ ಹೊಟ್ಟೆಯ ಮೇಲಿಂದ ಕೈ ತೆಗೆಯಲಿಲ್ಲ. ಗಂಡ ಜೇಬಿನ ಮೇಲೆ ಕೈ ಇಟ್ಟುಕೊಂಡಿದ್ದರು.

ಶನಿವಾರ ಕುಷ್ಟಗಿಯ ಬಸ್ಸು. ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಅನ್ನುತ್ತಾರೆ. ಕನಕಗಿರಿಯ ಗೋಪುರ ನನಗೆ ಬಸ್ಸಿನ ಕಿಟಕಿಯಲ್ಲೇ ದಕ್ಕಿತು, ವಾಕರಿಕೆ ಬಿಡಲಿಲ್ಲ. ತಾವರಗೇರಾ ದಾಟುವ ಹೊತ್ತಿಗೆ ನೀರು ಮುಗಿದು ಕೆಂಪು ಮಸಾರಿ ನೆಲ ಶುರುವಾಗಿತ್ತು. ತೊಗರಿ, ಸಜ್ಜೆಯ ಕೂಳೆ, ಅಲ್ಲಲ್ಲಿ ದಾಳಿಂಬೆ.

ಅತ್ತೆ ಹೊಸಿಲ ಮೇಲೆ ನಿಂತಿದ್ದರು. ಮಗ ಫೋನಿನಲ್ಲಿ ಹೇಳಿಬಿಟ್ಟಿದ್ದ. ನನ್ನ ಮುಖ ಹಿಡಿದು ಲಟಿಕೆ ಮುರಿದು, ಒಳಗೆ ಕರೆದು, ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ ಬಡಿಸಿದರು. ಪುಂಡಿಯ ಹುಳಿಗೆ ಮೂರು ದಿನದ ವಾಕರಿಕೆ ಇಳಿಯಿತು. ತಿಂಗಳನ್ನು ಅವರು ಬೆರಳಿನ ಗೆಣ್ಣಿನ ಮೇಲೆ ಎಣಿಸಿದರು. ‘ಪಂಚಮಿ ಹೊತ್ತಿಗೆ ತೊಟ್ಲಾಗ ಇರತೈತಿ.’ ನನ್ನ ಜುಲೈ 31ಕ್ಕೂ ಅವರ ಪಂಚಮಿಗೂ ಹದಿನೇಳು ದಿನದ ಅಂತರ. ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಸರಿಯಾಗಿಯೇ ಇತ್ತು ಲೆಕ್ಕ.

ಐದು ಹಡೆದವರು ಅವರು, ಐದೂ ಮನೆಯಲ್ಲಿಯೇ, ಸೂಲಗಿತ್ತಿಯ ಕೈಯಲ್ಲಿ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರ ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರಲ್ಲ, ಅವರ ಫೋಟೊ ಟಿವಿಯಲ್ಲಿ ಬಂದಾಗ ಅತ್ತೆ ಎದ್ದು ಕೈಮುಗಿದಿದ್ದರಂತೆ. ಅತ್ತೆಯ ಬಾಣಂತನಗಳಿಗೆ ಕೂಲಿ ತಪ್ಪಿದ್ದೇ ಬಂತು. ಹನ್ನೆರಡನೇ ದಿನಕ್ಕೆ ಕಳೆ ತೆಗೆಯಲು ಹೋಗಿದ್ದರು.

ನಾನು ಹೆದರುತ್ತ ಹೇಳಿದೆ, ‘ಅತ್ತೀ, ನಾ ಕೆಲಸಕ್ಕ ಸೇರಾಕಿ. ಎಂಬತ್ತು ದಿನ ಕೆಲಸ ಮಾಡಿದ್ರ ಸಾಕು, ಹೆರಿಗಿಗೆ ಇಪ್ಪತ್ತಾರು ವಾರ ರಜಾ ಕೊಡಬೇಕು. ಪಗಾರ ಸಮೇತ. ಕಾನೂನೈತಿ.’

ರೊಟ್ಟಿ ತಟ್ಟುತ್ತಿದ್ದ ಕೈ ನಿಂತಿತು. ‘ಪಗಾರ? ಕುಂತು ಕೂಸಿಗೆ ಹಾಲು ಕುಡಿಸಾಕ ಪಗಾರ?’

‘ಹೌದ್ರಿ.’

‘ಯಾರವ್ವಾ ಅದನ್ನ ಬರದವ್ರು?’

ಅಷ್ಟು ಬೆರಗಿನಿಂದ ಆ ಪ್ರಶ್ನೆಯನ್ನು ಯಾರಾದರೂ ಕೇಳಿದ್ದು ನನಗೆ ಗೊತ್ತಿಲ್ಲ. ಬಲ್ಲಷ್ಟು ಹೇಳಿದೆ. 1928ರಲ್ಲಿ ಮುಂಬಯಿಯ ವಿಧಾನ ಪರಿಷತ್ತಿನಲ್ಲಿ, ಗಿರಣಿಯಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಹೆರಿಗೆ ಭತ್ಯೆ ಬೇಕು ಎಂಬ ಮಸೂದೆಯ ಪರವಾಗಿ ಅಂಬೇಡ್ಕರ್ ಎದ್ದು ನಿಂತು ಮಾತಾಡಿದರು, ಮರುವರ್ಷ ಅದು ಕಾನೂನಾಯಿತು. ದೇಶಕ್ಕೆಲ್ಲ ಹೆರಿಗೆ ಸೌಲಭ್ಯ ಕಾಯಿದೆ ಬಂದದ್ದು 1961ರಲ್ಲಿ. ಹನ್ನೆರಡು ವಾರ ಇದ್ದ ರಜೆ ಇಪ್ಪತ್ತಾರಾದದ್ದು 2017ರಲ್ಲಿ. ದಿನಗೂಲಿ ಹೆಣ್ಣುಮಕ್ಕಳಿಗೂ ಇದು ಸಲ್ಲಬೇಕೆಂದು 2000ದಲ್ಲಿ ದೆಹಲಿಯ ಮಹಾನಗರ ಪಾಲಿಕೆಯ ಮಸ್ಟರ್‌ರೋಲ್ ಕೆಲಸಗಾರ್ತಿಯರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನನ್ನಂಥ ಗುತ್ತಿಗೆಯವರ ಒಪ್ಪಂದ ನಡುವೆ ಮುಗಿದರೂ ಸೌಲಭ್ಯ ನಿಲ್ಲಿಸುವಂತಿಲ್ಲ ಎಂದು 2023ರಲ್ಲಿ ವೈದ್ಯೆ ಕವಿತಾ ಯಾದವ್ ಅವರ ಮೊಕದ್ದಮೆಯಲ್ಲಿ ತೀರ್ಪಾಯಿತು. ಹೆರಿಗೆ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ನನ್ನ ಹಳೆಯ ಜೊತೆಗಾತಿಗೆ ಇದೆಲ್ಲ ಆಗ ಗೊತ್ತಿದ್ದಿದ್ದರೆ! ನನಗೂ ಗೊತ್ತಿದ್ದಿದ್ದರೆ ಆ ಚೀಲವನ್ನು ಅವಳ ಕೈಗೆ ಕೊಡಲು ಬಿಡುತ್ತಿದ್ದೆನೇ? ಬಸಿರು ಯಾವ ಕೆಲಸಕ್ಕೂ ಅಡ್ಡಿಯಲ್ಲ. ಡ್ಯೂಟಿ ಪಟ್ಟಿ ಬರೆಯುವವರು ಬಾಗಲೊಲ್ಲದಿರುವುದೇ ಅಡ್ಡಿ.

‘ಬಾಬಾಸಾಹೇಬ್ರು ಹಡಿಯೂ ಹೆಂಗಸ್ರ ಲೆಕ್ಕಾನೂ ಇಟ್ಟಿದ್ರಂತ’ ಎಂದು ಅತ್ತೆ ಮೆಲ್ಲಗೆ ತಮಗೇ ಹೇಳಿಕೊಂಡರು. ಆಮೇಲೆ ರೊಟ್ಟಿ ತಿರುವಿ ಹಾಕಿದರು. ‘ಮತ್ತ ಹೋಗು. ಎಂಬತ್ತರಾಗ ಒಂದು ದಿನಾನೂ ತಪ್ಪಿಸಬ್ಯಾಡ.’

ಭಾನುವಾರ ಅತ್ತೆಯೂ ಹೊರಟರು, ನನ್ನನ್ನು ಯಲಬುರ್ಗಾದ ಬಾಡಿಗೆ ಕೋಣೆಗೆ ಬಿಟ್ಟು ಬರಲು. ಕುಷ್ಟಗಿಗೆ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ. ಅರವತ್ತು ದಾಟಿದ ಅವರು ತಮ್ಮೂರ ಸ್ಟೇಷನ್ನಿನಿಂದ ರೈಲು ಹತ್ತಿದ್ದು ಅದೇ ಮೊದಲು. ಹಳಿಯ ಹತ್ತಿರ ಹೋಗಿ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಎರಿ ಹೊಲಗಳ ನಡುವೆ ಗಾಡಿ ಓಡುವಾಗ ‘ಇದು ನಮ್ಮ ಬೀಗರ ಹೊಲ, ಅದು ಸಂತಿ ದಾರಿ’ ಎಂದು ಕಿಟಕಿಯಲ್ಲಿ ತೋರಿಸುತ್ತಲೇ ಇದ್ದರು. ನಡೆದೇ ಗೊತ್ತಿದ್ದ ಸೀಮೆ ಕೂತಲ್ಲೇ ಹಿಂದೆ ಸರಿಯುವುದನ್ನು ನೋಡುತ್ತಿದ್ದ ಅವರ ಮುಖವನ್ನು ನೋಡುವುದೇ ನನಗೆ ಒಂದು ಪ್ರವಾಸವಾಯಿತು.

ಯಲಬುರ್ಗಾ ದಾಟಿ ಕುಕನೂರಿನಲ್ಲಿ ಇಳಿದು ಇಟಗಿಗೆ ಆಟೊ ಮಾಡಿದೆವು. ಮಹಾದೇವ ದಂಡನಾಯಕ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವನ್ನು ಅಲ್ಲಿಯ ಶಾಸನವೇ ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಕಂಬಗಳನ್ನು ಕಟ್ಟಿಗೆಯನ್ನು ಕಡೆದಂತೆ ಕಡೆದಿದ್ದಾರೆ. ಒಂದು ಕಂಬದ ಹೊಳಪಿನಲ್ಲಿ ಅತ್ತೆಯ ಹಸಿರು ಸೀರೆ ಕಂಡಿತು. ಅವರು ಗುಡಿಯನ್ನು ಒಂದು ಸುತ್ತು ಹಾಕಿ ಬಂದು ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು, ನನ್ನ ಕಾಲು ತೊಡೆಯ ಮೇಲೆ ಎಳೆದುಕೊಂಡು ಒತ್ತತೊಡಗಿದರು. ನಾನು ಎಳೆದುಕೊಂಡೆ. ‘ನಾಳಿಂದ ಇಡೀ ದಿನ ನಿಲ್ಲಾಕಿ ನೀನು’ ಎಂದು ಬಿಡಲಿಲ್ಲ.

ಸೋಮವಾರ ಎಂಟಕ್ಕೆ ಐದು ನಿಮಿಷ ಇರುವಾಗಲೇ ಆಸ್ಪತ್ರೆಯಲ್ಲಿದ್ದೆ. ಹಿರಿಯ ಸಿಸ್ಟರ್ ಹಾಜರಿ ಪುಸ್ತಕ ಮುಂದಿಟ್ಟರು. ಸಹಿಗೆ ಮೊದಲೇ ಹೇಳಿದೆ. ನಾನು ಆರೂವರೆ ವಾರದ ಬಸುರಿ, ಮುಂದೆ ತಿಳಿಯುವುದಕ್ಕಿಂತ ಈಗಲೇ ತಿಳಿದಿರಲಿ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗೋಡೆಯ ಮೇಲಿದ್ದ ಡ್ಯೂಟಿ ಪಟ್ಟಿಯನ್ನು ಇಳಿಸಿ, ಪೆನ್ಸಿಲ್ಲಿನಿಂದ ನನ್ನ ಹೆಸರಿನ ಮುಂದೆ ಸಣ್ಣಗೆ ಒಂದು ಚುಕ್ಕೆ ಇಟ್ಟರು. ‘ಎಕ್ಸ್‌ರೇ ಮಷಿನ್ ವಾರ್ಡಿಗೆ ಬಂದ್ರ ನೀವು ಹೊರಗ. ಸ್ಟ್ರೆಚರ್ ಎತ್ತೂದು ಆಯಾಗಳಿಗೆ ಬಿಡ್ರಿ. ಮೈಮ್ಯಾಲ ಗುಳ್ಳಿ ಎದ್ದ ಜ್ವರದ ಪೇಶಂಟ್ ಬಂದ್ರ ನನ್ನ ಕರೀರಿ. ಹೆಪಟೈಟಿಸ್ ಬಿ ಮೂರೂ ಡೋಸ್ ಆಗ್ಯಾವಲ್ಲ? ಈಗ ಕೈ ಕೊಡ್ರಿ.’ ಬೆರಳು ಚುಚ್ಚಿ ರಕ್ತ ತೆಗೆದರು. ಹಿಮೋಗ್ಲೋಬಿನ್ 10.1. ಹನ್ನೊಂದಾದರೂ ಇರಬೇಕು. ‘ಶೇಂಗಾ, ಬೆಲ್ಲ, ನುಗ್ಗಿಸೊಪ್ಪು’ ಅಂದರು. ನೂರಾರು ಜನಕ್ಕೆ ನಾನು ಹೇಳಿದ ಮಾತು, ಅದೇ ಧಾಟಿಯಲ್ಲಿ. ತಾಯಿ ಕಾರ್ಡ್ ತೆಗೆದು ನನ್ನ ಹೆಸರು ಬರೆದರು. ಗಂಡನ ಹೆಸರು, ವಯಸ್ಸು, ಕೊನೆಯ ಮುಟ್ಟು, ಹೆರಿಗೆಯ ಅಂದಾಜು ದಿನ. ಆ ಅಂಕಣಗಳನ್ನು ತಲೆಕೆಳಗಾಗಿ ಓದುತ್ತ ಕೂತಿದ್ದೆ. ಮೇಜಿನ ಆ ಕಡೆಯಿಂದ ಅದು ಹಾಗೆ ಕಾಣುತ್ತದೆಂದು ನನಗೆ ತಿಳಿದಿರಲಿಲ್ಲ. ಕಾರ್ಡು ನೀಲಿ ಫೈಲಿಗೆ ಸೇರಿತು, ಏಳನೆಯದರ ಪಕ್ಕ.

ಹನ್ನೊಂದಕ್ಕೆ ಒಬ್ಬಳನ್ನು ಕರೆತಂದರು. ಚೊಚ್ಚಲು. ಹತ್ತೊಂಬತ್ತು ಇಪ್ಪತ್ತರ ಹುಡುಗಿ, ಕಡಲೆ ಹೊಲದಿಂದ ನೇರ ಬಂದವಳ ಹಾಗೆ ಹಿಮ್ಮಡಿಗೆ ಕಪ್ಪು ಮಣ್ಣು. ಡಾಪ್ಲರ್ ಇಟ್ಟಾಗ ಕುದುರೆ ಓಟದ ಸದ್ದು ಕೋಣೆ ತುಂಬಿತು, 142. ಆರು ವರ್ಷ ದಿನವೂ ಕೇಳಿದ ಸದ್ದು. ಅವತ್ತು ಎಣಿಸುವುದನ್ನು ಮರೆತು ಕೇಳಿದೆ. ಎರಡು ಗಂಟೆ ಹತ್ತು ನಿಮಿಷಕ್ಕೆ ಹೆಣ್ಣು ಕೂಸು, ಎರಡು ಕಿಲೊ ಏಳುನೂರು. ಒರೆಸಿ, ನಾಳ ಕತ್ತರಿಸಿ, ತಾಯಿಯ ಎದೆಯ ಮೇಲೆ ಮಲಗಿಸಿದೆ. ಕೂಸು ಅತ್ತು ಸಾಕಾಗಿ ಹಾಲು ಹುಡುಕತೊಡಗಿತು.

ಅವಳು ಒಂದು ಕೈಯಲ್ಲಿ ಕೂಸಿನ ಬೆನ್ನು ಹಿಡಿದು, ಇನ್ನೊಂದರಿಂದ ನನ್ನ ಮಣಿಕಟ್ಟು ಹಿಡಿದಳು. ಹಡೆದವರೆಲ್ಲ ಕೇಳುವ ಪ್ರಶ್ನೆಯನ್ನು ಅವಳೂ ಕೇಳಿದಳು. ಆರು ವರ್ಷ ನಾನು ‘ಇನ್ನೂ ಇಲ್ಲವಾ’ ಎಂದು ಹೇಳಿ ಮುಂದಿನ ಮಂಚಕ್ಕೆ ಸರಿಯುತ್ತಿದ್ದ ಪ್ರಶ್ನೆ.

‘ಸಿಸ್ಟರ್, ನಿಮಗೆಷ್ಟ ಮಕ್ಕಳ್ರಿ?’

‘ಒಂದು ಬರಾಕತ್ತೈತವಾ’ ಅಂದೆ. ‘ಪಂಚಮಿ ಹೊತ್ತಿಗೆ.’